ಬಿಎ ಓದಿ ಇಲ್ಲ್ಯಾಕ ಬಂದಿ?



ಸ್ವಲ್ಪ ಉದ್ದದ ಪೋಸ್ಟ್ ಇದು. ನಿಮ್ಮ ಮನೇಲಿ, ಕೇರೀಲಿ ಡಿಗ್ರಿ ಮುಗಿಸಿ ಕೂತಿರೋ, ಮೂವತ್ತು ದಾಟದ ಹುಡುಗ ಹುಡುಗೀರಿದ್ರೆ ದಯವಿಟ್ಟು ಪೂರ್ತಿ ಓದಿ.

ಇಪ್ಪತ್ತು ವರ್ಷದ ಹಿಂದಿನ ಮಾತು. ಬಿಎ ಮುಗಿಸಿ ಕೆಲಸ ಇಲ್ಲದೆ ಅಲೀತಿದ್ದೆ. ಕೇಂದ್ರದ ಒಂದು ಪಡೆಗೆ ಕಾನ್‌ಸ್ಟೇಬಲ್ ಭರ್ತಿ ಇದೆ ಅಂತ ಪೇಪರ್‌ನಲ್ಲಿ ನೋಡಿ, ಅವ್ವನ ಹತ್ರ ಬಸ್ ಚಾರ್ಜ್ ಇಸ್ಕೊಂಡು ರಾತ್ರಿ ಬಸ್ ಹತ್ತಿದ್ದೆ. ಬೆಳಗಿನ ಜಾವ ಮೈದಾನದ ಹೊರಗೆ ಸಾವಿರಾರು ಜನ. ಎತ್ತರದಲ್ಲಿ ಪಾಸಾದೆ. ಎದೆ ಅಳತೇಲಿ ಬಿದ್ದೆ. ಉಸಿರು ಎಳೆದು ಉಬ್ಬಿಸಿದಾಗ 5 ಸೆಂ.ಮೀ. ಹೆಚ್ಚಬೇಕು, ನಂದು 3ಕ್ಕೇ ನಿಂತೋಯ್ತು. ಟೇಪ್ ಹಿಡಿದಿದ್ದ ಹವಾಲ್ದಾರ್ರು ಉತ್ತರ ಕರ್ನಾಟಕದವರು. ನನ್ನ ಕಾಗದ ನೋಡಿ ಕೇಳಿದ್ರು: "ಬಿಎ ಓದಿ ಇಲ್ಲ್ಯಾಕ ಬಂದೀಪಾ? ಹೋಗಿ ಆಫೀಸರ್ ಪರೀಕ್ಷಾ ಬರಿ."

ಹಿಂದೆ ನಿಂತಿದ್ದೋರು ನಕ್ಕರು. ನಂಗೆ ಮುಖಕ್ಕೆ ಹೊಡೆದ ಹಾಗಾಯ್ತು. ಎದೆಯೂ ಸಾಲದೋನಿಗೆ ಆಫೀಸರ್ ಪರೀಕ್ಷೆಯಂತೆ, ಗೇಲಿ ಮಾಡ್ತಿದಾರೆ ಅಂದ್ಕೊಂಡೆ. ಶರ್ಟ್ ಹಾಕ್ಕೊಂಡು ಊರಿಗೆ ವಾಪಸ್ ಬಂದೆ. ಆಮೇಲೆ ಗುಮಾಸ್ತನಾದೆ, ಸಂಘಟನೆಗೆ ಬಂದೆ, ಆ ಮಾತು ಮರೆತೇ ಹೋಗಿತ್ತು.

ಮೊನ್ನೆ ಭಾನುವಾರ ಅದು ನೆನಪಾಯ್ತು. ನಮ್ಮಕ್ಕನ ಮಗಳು ಮನೆಗೆ ಬಂದು, "ಮಾವ, ಒಂದು ಅರ್ಜಿ ಹಾಕ್ಬೇಕು, ನೀನು ಆಫೀಸಲ್ಲಿ ಇಂಥದ್ದೇ ತಾನೆ ಮಾಡೋದು, ಜೊತೇಲಿ ಕೂತ್ಕೋ" ಅಂದ್ಲು. ನೋಡಿದ್ರೆ ಯುಪಿಎಸ್‌ಸಿ ಅರ್ಜಿ. ಸಿಎಪಿಎಫ್ ಅಸಿಸ್ಟೆಂಟ್ ಕಮಾಂಡೆಂಟ್. ಅಂದ್ರೆ ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್, ಐಟಿಬಿಪಿ, ಎಸ್‌ಎಸ್‌ಬಿ ಈ ಐದೂ ಪಡೆಗೆ ನೇರವಾಗಿ ಆಫೀಸರ್ ಆಗಿ ಸೇರೋ ಪರೀಕ್ಷೆ. ಗ್ರೂಪ್ ಎ ಹುದ್ದೆ, ಮೂಲವೇತನ 56,100 ರೂಪಾಯಿಂದ ಶುರು. ಕಂಪನಿಯ ಹೊಣೆ ಹೊರೋ ಹುದ್ದೆ, ಅಂದ್ರೆ ನೂರಕ್ಕೂ ಹೆಚ್ಚು ಜನ ಕೈಕೆಳಗೆ. ಬೇಕಾದ ಓದು ಬರೀ ಒಂದು ಡಿಗ್ರಿ. ಬಿಎ ಸಾಕು.

ಆವಾಗ ಹೊಳೀತು ನೋಡಿ. ಆ ಹವಾಲ್ದಾರ್ರು ಗೇಲಿ ಮಾಡಿರಲಿಲ್ಲ. ನಿಜ ಹೇಳಿದ್ರು. ನಂಬೋ ಶಕ್ತಿ ನಂಗಿರಲಿಲ್ಲ.

ಯಾಕಿರಲಿಲ್ಲ? ನಮ್ಮ ಕೇರೀಲಿ ಕಾನ್‌ಸ್ಟೇಬಲ್ ಇದ್ರು, ಹೋಮ್‌ಗಾರ್ಡ್ ಇದ್ರು, ವಾಚ್‌ಮನ್ ಇದ್ರು. ಖಾಕಿ ಅಂದ್ರೆ ಸೆಲ್ಯೂಟ್ ಹೊಡೆಯೋದು ಅಂತಲೇ ನಾವು ನೋಡಿದ್ದು. ಸೆಲ್ಯೂಟ್ ತಗೊಳ್ಳೋ ಕಡೆಗೂ ಒಂದು ಅರ್ಜಿ ಫಾರಂ ಇರುತ್ತೆ, ಅದನ್ನೂ ನಮ್ಮಂಥೋರೇ ತುಂಬಬಹುದು ಅಂತ ಒಬ್ಬ ಮೇಷ್ಟ್ರೂ ಹೇಳಿರಲಿಲ್ಲ.

ಅರ್ಜಿ ವಿಷಯಕ್ಕೆ ಬರ್ತೀನಿ. ವಯಸ್ಸು ಆ ವರ್ಷದ ಆಗಸ್ಟ್ 1ಕ್ಕೆ 20 ಆಗಿರಬೇಕು, 25 ತುಂಬಿರಬಾರದು. ಎಸ್‌ಸಿ ಎಸ್‌ಟಿಗೆ ಐದು ವರ್ಷ ಸಡಿಲಿಕೆ. ಈ ಹುಡುಗಿಗೆ ಈಗ 26. ಡಿಗ್ರಿ ಆದ ಮೇಲೆ ಮನೆ ಕಷ್ಟಕ್ಕೆ ಎರಡು ವರ್ಷ ಬಟ್ಟೆ ಅಂಗಡೀಲಿ ನಿಂತಿದ್ಲು. ಆಮೇಲೆ ಒಂದು ವರ್ಷ ಭಾವನಿಗೆ ಆಸ್ಪತ್ರೆ. ಸಡಿಲಿಕೆ ಅಂದ ತಕ್ಷಣ ಭಿಕ್ಷೆ ಥರ ಮಾತಾಡ್ತಾರಲ್ಲ, ಅವರಿಗೆ ಹೇಳಬೇಕು: ಬೇರೆ ಮನೆ ಮಕ್ಕಳು ಕೋಚಿಂಗ್‌ಗೆ ಹೋಗೋ ವರ್ಷಗಳನ್ನ ನಮ್ಮ ಮಕ್ಕಳು ಮನೆಗೆ ಕೊಟ್ಟಿರ್ತಾರೆ. ಆ ವರ್ಷಗಳ ಲೆಕ್ಕ ಅದು.

ಫೀಸು 200 ರೂಪಾಯಿ, ಎಸ್‌ಸಿ ಎಸ್‌ಟಿಗೂ ಎಲ್ಲ ಹೆಣ್ಮಕ್ಕಳಿಗೂ ಇಲ್ಲ. ಗುಮಾಸ್ತನಾಗಿ ಎರಡು ಮಾತು ಹೇಳ್ತೀನಿ, ಬರ್ಕೊಳ್ಳಿ. ಒಂದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಡಿಗ್ರಿ ಮೂರರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ನಮ್ಮ ಹುಡುಗೀದು ಒಂದರಲ್ಲಿ ಇನಿಷಿಯಲ್ ಹಿಂದೆ, ಇನ್ನೊಂದರಲ್ಲಿ ಮುಂದೆ. ಎರಡು, ಜಾತಿ ಪ್ರಮಾಣಪತ್ರ ಕೇಂದ್ರ ಸರ್ಕಾರದ ನಮೂನೇಲಿ ಬೇಕು, ನಾಡಕಚೇರೀಲಿ ಅದನ್ನ ಕೇಳಿ ಮಾಡಿಸ್ಕೊಳ್ಳಿ. ಕೊನೇ ದಿನ ಓಡಬೇಡಿ.

ಮೊದಲು ಬರೆಯೋ ಪರೀಕ್ಷೆ, ಅದರಲ್ಲಿ ಪಾಸಾದ್ರೆ ದೇಹದಾರ್ಢ್ಯ, ಮೆಡಿಕಲ್, ಕೊನೇಲಿ ಸಂದರ್ಶನ. ಪೇಪರ್ ಒಂದು 250 ಅಂಕ, ಪೇಪರ್ ಎರಡು 200, ಸಂದರ್ಶನ 150. ಹೆಣ್ಮಕ್ಕಳಿಗೆ ಎತ್ತರ 157 ಸೆಂ.ಮೀ., 100 ಮೀಟರ್ 18 ಸೆಕೆಂಡಲ್ಲಿ, 800 ಮೀಟರ್ 4 ನಿಮಿಷ 45 ಸೆಕೆಂಡಲ್ಲಿ ಓಡಬೇಕು, 3 ಮೀಟರ್ ಉದ್ದ ಜಿಗೀಬೇಕು. ಗಂಡುಮಕ್ಕಳಿಗೆ 165 ಸೆಂ.ಮೀ., ಅದೇ ಓಟ 16 ಸೆಕೆಂಡ್ ಮತ್ತು 3 ನಿಮಿಷ 45 ಸೆಕೆಂಡ್, ಜಿಗಿತ ಮೂರೂವರೆ ಮೀಟರ್, ಜೊತೆಗೆ ಗುಂಡು ಎಸೆತ. ಎದೆ ಉಬ್ಬಿಸೋದು ಇಲ್ಲೂ 5 ಸೆಂ.ಮೀ.ನೇ. ಆದ್ರೆ ಬರೆಯೋ ಪರೀಕ್ಷೆ ಮೊದಲು, ಟೇಪ್ ಆಮೇಲೆ. ಅಷ್ಟರಲ್ಲಿ ದಿನಾ ಓಡಿ ಎದೆ ಬೆಳೆಸ್ಕೊಳ್ಳೋಕೆ ಟೈಮ್ ಸಿಗ್ತಿತ್ತೇನೋ ನಂಗೂ. ಇರಲಿ.

ಈಗ ನನಗೆ ಸಿಟ್ಟು ಬರ್ಸಿದ್ದು ಏನು ಅಂದ್ರೆ ಭಾಷೆ.

2024ರಿಂದ ಇದೇ ಪಡೆಗಳ ಕಾನ್‌ಸ್ಟೇಬಲ್ ಜಿಡಿ ಪರೀಕ್ಷೆನ ಹಿಂದಿ, ಇಂಗ್ಲಿಷ್ ಜೊತೆಗೆ ಇನ್ನೂ 13 ಭಾಷೆಗಳಲ್ಲಿ ಮಾಡ್ತಿದಾರೆ. ಕನ್ನಡವೂ ಇದೆ. ಒಳ್ಳೇದು, ಹೋರಾಡಿ ಪಡೆದಿದ್ದು. ಆದ್ರೆ ಆಫೀಸರ್ ಪರೀಕ್ಷೇಲಿ ಪೇಪರ್ ಒಂದರ ಪ್ರಶ್ನೆಗಳು ಇಂಗ್ಲಿಷ್ ಮತ್ತೆ ಹಿಂದೀಲಿ ಮಾತ್ರ. ಪೇಪರ್ ಎರಡರ ಪ್ರಬಂಧ ಇಂಗ್ಲಿಷಲ್ಲೋ ಹಿಂದೀಲೋ ಬರೀಬಹುದು, ಉಳಿದಿದ್ದು ಬರೀ ಇಂಗ್ಲಿಷ್. ಇದೇ ಯುಪಿಎಸ್‌ಸಿ ನಡೆಸೋ ಐಎಎಸ್ ಮೇನ್ಸ್‌ನ ಕನ್ನಡದಲ್ಲಿ ಬರೀಬಹುದು. ಇದನ್ನ ಬರೆಯೋ ಹಾಗಿಲ್ಲ. ಅಂದ್ರೆ ಬಂದೂಕು ಹಿಡಿದು ಗೇಟಲ್ಲಿ ನಿಲ್ಲೋಕೆ ಕನ್ನಡ ಸಾಕು, ಅವರಿಗೆ ಆದೇಶ ಕೊಡೋಕೆ ಸಾಲದು. ಹಿಂದಿ ಮನೆಮಾತಿನ ಹುಡುಗ ತನ್ನ ಭಾಷೇಲೇ ಪ್ರಬಂಧ ಬರೀತಾನೆ. ಸರ್ಕಾರಿ ಶಾಲೆ, ಸರ್ಕಾರಿ ಕಾಲೇಜಲ್ಲಿ ಕನ್ನಡ ಮೀಡಿಯಂ ಓದಿದ ನಮ್ಮ ಹುಡುಗಿ ಡಿಕ್ಷನರಿ ಪಕ್ಕ ಇಟ್ಕೊಂಡು ಕೂತಿರ್ತಾಳೆ. ಇಂಗ್ಲಿಷ್ ಬೇಡ ಅಂತ ನಾನು ಹೇಳ್ತಿಲ್ಲ, ಬಾಬಾಸಾಹೇಬರ ಮಕ್ಕಳು ಹಾಗನ್ನೋಕಾಗಲ್ಲ. ಇಂಗ್ಲಿಷ್ ಪತ್ರಿಕೆ ಒಂದು ಇರಲಿ. ಪ್ರಬಂಧ ಕನ್ನಡದಲ್ಲಿ ಬರೆಯೋಕೆ ಬಿಡಿ, ಪ್ರಶ್ನೆ ಕನ್ನಡದಲ್ಲಿ ಕೊಡಿ. ಕನ್ನಡಪರ ಸಂಘಟನೆಗಳೂ ಇದನ್ನ ಕೈಗೆತ್ತಿಕೊಳ್ಳಬೇಕು.

ಇನ್ನೊಂದು ವಿಷಯ ಮುಚ್ಚಿಡಲ್ಲ. ನಮ್ಮ ವಾರದ ಸಭೇಲಿ ಇದನ್ನ ಖುಷಿಯಿಂದ ಹೇಳ್ದೆ. ಹಿರಿಯ ಅಣ್ಣ ಒಬ್ರು ಸುಮ್ನೆ ಕೇಳಿಸ್ಕೊಂಡು ಆಮೇಲೆ ಅಂದ್ರು, "ಲಾಠಿ ಏಟು ತಿಂದ ಬೆನ್ನು ನಮ್ದು ಕಣಪ್ಪ. ನಾಳೆ ಆ ಮಗು ಬಸ್ತರ್‌ನಲ್ಲಿ ಆದಿವಾಸಿಗಳ ಎದುರು ನಿಂತ್ಕೊಂಡ್ರೆ ಏನ್ ಹೇಳ್ತೀಯ?" ನನ್ನ ಹತ್ರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಆ ಪ್ರಶ್ನೆ ಸಣ್ಣದಲ್ಲ, ಅದನ್ನ ಕೇಳಿದ ಅಣ್ಣನ ಮೇಲೆ ನಂಗೆ ಗೌರವ ಕಮ್ಮಿಯಾಗಿಲ್ಲ.

ರಾತ್ರಿ ಹುಡುಗಿಗೆ ಹೇಳ್ದೆ. ಅವಳು ಅರ್ಜಿಗೆ ಹಾಕೋ ಫೋಟೋ ಸೈಜ್ ಸರಿ ಮಾಡ್ತಿದ್ಲು. ತಲೆ ಎತ್ತದೆ ಕೇಳಿದ್ಲು, "ಮಾವ, ಕೇರಿ ಹುಡುಗ್ರು ಕಾನ್‌ಸ್ಟೇಬಲ್ ಆದಾಗ ನೀವೇ ತಾನೆ ಭವನದಲ್ಲಿ ಹಾರ ಹಾಕಿದ್ದು? ಆವಾಗ ಯಾರೂ ಬಸ್ತರ್ ಅನ್ನಲಿಲ್ಲ. ನಾನು ಆಫೀಸರ್ ಆಗ್ತೀನಿ ಅಂದಾಗ ಮಾತ್ರ ಯಾಕೆ ನೆನಪಾಯ್ತು?"

ಹೌದಲ್ವಾ. ಆದೇಶ ಪಾಲಿಸೋ ಜಾಗದಲ್ಲಿ ನಮ್ಮ ಹುಡುಗ್ರು ಆಗಲೇ ಇದಾರೆ. ಕಾಡಲ್ಲೂ ಇದಾರೆ, ಗಡೀಲೂ ಇದಾರೆ, ಕೆಂಪೇಗೌಡ ಏರ್‌ಪೋರ್ಟ್ ಗೇಟಲ್ಲೂ ಇದಾರೆ. ಗುಂಡು ಹಾರಿಸಬೇಕೋ ಬೇಡವೋ ಅಂತ ತೀರ್ಮಾನ ಮಾಡೋ ಜಾಗದಲ್ಲಿ ನಮ್ಮೋರು ಎಷ್ಟು ಜನ ಇದಾರೆ ಅನ್ನೋದು ಪ್ರಶ್ನೆ. ನಮ್ಮ ಹುಡುಗಿ ಹೋದ ತಕ್ಷಣ ಪಡೆ ಬದಲಾಗಿಬಿಡುತ್ತೆ ಅಂತ ನಾನು ನಂಬಿಲ್ಲ. ಆದ್ರೆ ಸಂವಿಧಾನ ಓದ್ಕೊಂಡು, ಹಸಿವು ಗೊತ್ತಿದ್ದು ಹೋದೋಳು ಆ ಕುರ್ಚೀಲಿ ಇರೋದಕ್ಕೂ ಇಲ್ಲದೇ ಇರೋದಕ್ಕೂ ವ್ಯತ್ಯಾಸ ಇದೆ ಅಂತ ನಂಬಿದೀನಿ. ಅಣ್ಣನ ಪ್ರಶ್ನೇನೂ ಅವಳ ಜೊತೆ ಕಳಿಸ್ತೀನಿ. ಅದು ಅವಳ ಜೊತೆ ಇರಬೇಕಾದ್ದೇ.

ಇದು ಹೊಸ ಜಗಳ ಅಲ್ಲ. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲ್ ಸುಬೇದಾರರು, ಸೈನ್ಯದ ಶಾಲೇಲಿ ಮೇಷ್ಟ್ರಾಗಿದ್ದವರು. ಬಾಬಾಸಾಹೇಬರು 1891ರಲ್ಲಿ ಹುಟ್ಟಿದ್ದೇ ಮಹೂ ದಂಡಿನ ಊರಲ್ಲಿ. ಅದಾಗಿ ಸ್ವಲ್ಪ ಕಾಲಕ್ಕೇ ಬ್ರಿಟಿಷರು ಮಹಾರರನ್ನ ಸೈನ್ಯಕ್ಕೆ ತಗೊಳ್ಳೋದು ನಿಲ್ಲಿಸಿದ್ರು. ಗೋಪಾಲ ಬಾಬಾ ವಲಂಗ್‌ಕರ್, ಶಿವರಾಮ ಜಾನಬಾ ಕಾಂಬಳೆ ಅಂಥ ಹಿರಿಯರು ಆ ಬಾಗಿಲು ತೆಗೀರಿ ಅಂತ ಅರ್ಜಿ ಬರೆದರು. ಬಾಬಾಸಾಹೇಬರೂ ಅದಕ್ಕಾಗಿ ಒತ್ತಾಯ ಮಾಡಿದ್ರು. 1941ರಲ್ಲಿ ಮಹಾರ್ ರೆಜಿಮೆಂಟ್ ಕಟ್ಟಿದ್ದು ಎಲ್ಲಿ ಗೊತ್ತಾ? ನಮ್ಮ ಬೆಳಗಾವೀಲಿ. ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅವರು ಅರ್ಜಿ ಬರೆದರು. ಬಾಗಿಲು ತೆಗೆದಿರೋ ಕಾಲದಲ್ಲಿ ನಾವು ಅರ್ಜಿ ಹಾಕೋದನ್ನೇ ಮರೆತಿದೀವಿ.

ಅದಕ್ಕೆ ಒಂದು ಕೇಳ್ಕೊಳ್ತೀನಿ. ಏಪ್ರಿಲ್ 14ಕ್ಕೆ ಫ್ಲೆಕ್ಸ್ ಹಾಕೋ ದುಡ್ಡಲ್ಲಿ ಸ್ವಲ್ಪ ಉಳಿಸಿ, ನಿಮ್ಮೂರ ಅಂಬೇಡ್ಕರ್ ಭವನದಲ್ಲಿ ಒಂದು ಬೋರ್ಡ್ ಹಾಕ್ಸಿ. ಯಾವ ಪರೀಕ್ಷೆ, ಯಾವ ವಯಸ್ಸು, ಯಾವ ಕೊನೇ ದಿನಾಂಕ ಅಂತ ಚಾಕ್‌ಪೀಸಲ್ಲಿ ಬರೀರಿ. ಕಾನ್‌ಸ್ಟೇಬಲ್ ನೋಟಿಫಿಕೇಶನ್ ಜೊತೆ ಆಫೀಸರ್ ನೋಟಿಫಿಕೇಶನ್ ಕೂಡ ಬರೀರಿ. ಓದಿದ ಹುಡುಗನ ಹೆಗಲ ಮೇಲೆ ಕೈ ಹಾಕಿ ಹೇಳಿ. ಅವನು ಗೇಲಿ ಅಂದ್ಕೋಬಹುದು, ನಾನು ಅಂದ್ಕೊಂಡ ಹಾಗೆ. ಅದಕ್ಕೆ ಎರಡು ಸಲ ಹೇಳಿ.

ನಮ್ಮ ಹುಡುಗಿ ದಿನಾ ಬೆಳಗ್ಗೆ ಐದೂವರೆಗೆ ಹೈಸ್ಕೂಲ್ ಮೈದಾನದಲ್ಲಿ ಓಡ್ತಾಳೆ. ಅಕ್ಕ ಮೂಲೇಲಿ ಟಾರ್ಚ್ ಹಿಡ್ಕೊಂಡು ನಿಂತಿರ್ತಾಳೆ. ಮೊದಲ ವಾರ "ಒಲಿಂಪಿಕ್ಸ್‌ಗೇನಮ್ಮಾ?" ಅಂತ ಕೆಲವರು ನಕ್ಕರಂತೆ, "ಯಾರ ಮಗಳಿವಳು" ಅಂತ ಒಬ್ರು ವಿಚಾರಿಸಿದ್ರಂತೆ. ಅಕ್ಕ ಮುಂದೆ ಬಂದು, "ನನ್ ಮಗಳು" ಅಂದಳಂತೆ. ಅಷ್ಟೇ.

ಈ ಭಾನುವಾರ ಮೊಬೈಲ್‌ನಲ್ಲಿ ಟೈಮ್ ಹಿಡಿದಿದ್ದು ನಾನು. 800 ಮೀಟರ್, 5 ನಿಮಿಷ 10 ಸೆಕೆಂಡ್.

ಇನ್ನು 25 ಸೆಕೆಂಡ್ ಇಳೀಬೇಕು.

ಜೈ ಭೀಮ್.