ಸ್ತೋತ್ರದ ಲೆಕ್ಕ

ಗೊಣಗುವ ವಿದ್ಯೆಯಲ್ಲಿ ನಾನು ತಕ್ಕಮಟ್ಟಿಗೆ ಪಳಗಿದವನು. ಬಸ್ಸು ತಡವಾಗಲಿ, ಕಾಫಿ ಆರಿರಲಿ, ವಿದ್ಯಾರ್ಥಿಯೊಬ್ಬನು ಅಲ್ಪಪ್ರಾಣ ಮಹಾಪ್ರಾಣಗಳನ್ನು ಅದಲುಬದಲು ಮಾಡಲಿ, ನನ್ನ ನಾಲಗೆಗೆ ಒಡನೆಯೇ ಕೆಲಸ ದೊರೆಯುತ್ತದೆ. ಹುಟ್ಟಿನಿಂದ ಕ್ರೈಸ್ತನಾದ ನಾನು ಊಟಕ್ಕೆ ಮುನ್ನ ಕಣ್ಣುಮುಚ್ಚಿ ದೇವರಿಗೆ ಸ್ತೋತ್ರ ಹೇಳುವುದುಂಟು. ಕಣ್ತೆರೆದು, ಅನ್ನ ಮೆತ್ತಗಾಯಿತೆಂದು ಅದೇ ಬಾಯಲ್ಲಿ ಮನೆಯಾಕೆಯನ್ನು ಆಕ್ಷೇಪಿಸುವುದೂ ಉಂಟು. ಎರಡರ ನಡುವೆ ಅರ್ಧ ನಿಮಿಷದ ಅಂತರವೂ ಇರುವುದಿಲ್ಲ.

ಈ ಅಭ್ಯಾಸಕ್ಕೆ ಮೊದಲ ಪೆಟ್ಟು ಬಿದ್ದುದು 2019ರ ಆಗಸ್ಟ್ ತಿಂಗಳಲ್ಲಿ. ಅಥಣಿ ತಾಲ್ಲೂಕಿನ ಸತ್ತಿ, ಕೃಷ್ಣೆಯ ದಂಡೆಯ ಊರು. ಅತ್ತ ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಹಿಡಿದು ಕೊಯ್ನಾ ಜಲಾಶಯದ ಬಾಗಿಲು ತೆರೆದರೆ, ಇತ್ತ ಒಂದು ಹನಿ ಬೀಳದಿದ್ದರೂ ಹೊಳೆ ಏರುತ್ತದೆ. 2005ರಲ್ಲಿಯೂ ಏರಿತ್ತು; ಈ ಸಲ ಬಂದುದು ಅದನ್ನು ಮರೆಯಿಸುವಂಥ ನೀರು. ವಿಧವೆಯಾದ ನನ್ನ ಚಿಕ್ಕಮ್ಮ ಅಲ್ಲಿ ಮಣ್ಣಿನ ಗೋಡೆಯ ಮನೆಯಲ್ಲಿ ಒಬ್ಬಳೇ ಇದ್ದಳು. ಸುದ್ದಿ ತಿಳಿದು ಎರಡು ಹೊದಿಕೆ, ಒಂದಿಷ್ಟು ಪಾತ್ರೆಗಳನ್ನು ಹೊತ್ತು ನಾನು ಹೋದಾಗ, ಎತ್ತರದ ಶಾಲೆಯೊಂದರಲ್ಲಿ ತೆರೆದಿದ್ದ ಪರಿಹಾರ ಕೇಂದ್ರದಲ್ಲಿ ಅವಳು ಕುಳಿತಿದ್ದಳು. ಮುಂದೆ ತಟ್ಟೆಯಲ್ಲಿ ಅನ್ನ, ತಿಳಿಸಾರು. ಕಣ್ಣು ಮುಚ್ಚಿತ್ತು, ತುಟಿಗಳು ಅಲುಗುತ್ತಿದ್ದವು.

ದಾರಿಯುದ್ದಕ್ಕೂ ದೇವರೊಡನೆ ಜಗಳವಾಡುತ್ತ ಬಂದಿದ್ದ ನನಗೆ ರೇಗಿತು. “ಇನ್ನೂ ಯಾವುದಕ್ಕೆ ಸ್ತೋತ್ರ, ಚಿಕ್ಕಮ್ಮಾ?” ಎಂದೆ.

“ನೀರು ಹಗಲಿ ಬಂತು. ರಾತ್ರಿ ಬಂದಿದ್ರ?” ಎಂದಳು ಆಕೆ. “ಬಾಜೂ ಮನ್ಯಾಂವ ನಮ್ಮ ಎಮ್ಮೀ ಹಗ್ಗ ಬಿಚ್ಚಿ ಹೊಡಕೊಂಡು ಬಂದಾನ. ನಾ ಏನ್ ಹೇಳಿದ್ದಿಲ್ಲ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಗ್ವಾಡಿ ಬಿತ್ತಲ್ಲಾ, ಅದನ್ನೂ ದೇವರಿಗೆ ಹೇಳೇನಿ. ಸುಳ್ಳ ಸ್ತೋತ್ರ ನನಗ ಬರೂದಿಲ್ಲ” ಎಂದು ಸೆರಗಿನಿಂದ ಕಣ್ಣೊರಸಿಕೊಂಡು ಊಟಕ್ಕೆ ಕೈಹಾಕಿದಳು.

ಆ ರಾತ್ರಿ ಶಾಲೆಯ ಜಗಲಿಯಲ್ಲಿ ನಿದ್ರೆ ಹತ್ತಲಿಲ್ಲ. ಕನ್ನಡ ಪಾಠ ಹೇಳುವವನಿಗೆ ಸಂಕಟದಲ್ಲಿಯೂ ಶಬ್ದಗಳೇ ನೆನಪಾಗುತ್ತವೆ. ಕೃತವನ್ನು, ಎಂದರೆ ಮಾಡಿದ್ದನ್ನು, ಅರಿತವನು ಕೃತಜ್ಞ. ಅದನ್ನು ಕೊಂದವನು ಕೃತಘ್ನ. ಒಂದು ಒತ್ತಕ್ಷರದಷ್ಟೇ ದೂರ! ಮರುಭೂಮಿಯಲ್ಲಿ ಇಸ್ರಾಯೇಲರು ಗುಣುಗುಟ್ಟಿದ ಕಥೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಅವರು ನೆನೆದುದು ಈಜಿಪ್ಟಿನ ಸೌತೆಕಾಯಿ, ನೀರುಳ್ಳಿ, ಬೆಳ್ಳುಳ್ಳಿಗಳನ್ನು. ಅಲ್ಲಿ ತಿಂದ ಚಾಟಿಯೇಟುಗಳು ಮರೆತುಹೋಗಿದ್ದವು. ಗೊಣಗಾಟಕ್ಕೆ ಇಂಥ ವಿಚಿತ್ರ ಮರೆವು ಬೇಕಾಗುತ್ತದೆ. ಆದರೆ ಅದೇ ಬೈಬಲ್ಲಿನ ಕೀರ್ತನೆಗಳಲ್ಲಿ ಗೋಳಾಟಕ್ಕೇನೂ ಕೊರತೆಯಿಲ್ಲ. ಅವು ಗುಡಾರದೊಳಗಿನ ಪಿಸುಮಾತಲ್ಲ. ನೇರವಾಗಿ ದೇವರಿಗೇ ಇಟ್ಟ ಮೊರೆ. ಚಿಕ್ಕಮ್ಮ ಗೋಡೆಯ ವಿಷಯ ಹೇಳಿದ್ದು ಈ ಬಗೆಯದು.

ಜರ್ಮನಿಯ ಐಲೆನ್‌ಬರ್ಗ್ ಎಂಬ ಊರಿನಲ್ಲಿ ಮಾರ್ಟಿನ್ ರಿಂಕಾರ್ಟ್ ಎಂಬ ಪಾದ್ರಿಯಿದ್ದನು. ಮೂವತ್ತು ವರ್ಷಗಳ ಯುದ್ಧದ ನಡುವೆ, 1637ರಲ್ಲಿ, ಅಲ್ಲಿ ಪ್ಲೇಗು ಹಬ್ಬಿತು. ನಾಲ್ಕು ಸಾವಿರಕ್ಕೂ ಮಿಕ್ಕ ಜನರನ್ನು ಅವನು ಮಣ್ಣು ಮಾಡಿದನಂತೆ. ಅವರಲ್ಲಿ ಅವನ ಹೆಂಡತಿಯೂ ಒಬ್ಬಳು. ಇಂದು ಲೋಕದ ನಾನಾ ಭಾಷೆಗಳ ಚರ್ಚುಗಳಲ್ಲಿ ಹಾಡುವ ಒಂದು ಕೃತಜ್ಞತಾ ಗೀತೆಯನ್ನು ಆ ಯುದ್ಧಕಾಲದಲ್ಲಿ ರಚಿಸಿದವನು ಇವನೇ. ಮೊದಲಿಗೆ ಅದು ಮನೆಮಂದಿ ಊಟದ ಹೊತ್ತಿಗೆ ಹೇಳಲೆಂದು ಬರೆದ ಚಿಕ್ಕ ಪ್ರಾರ್ಥನೆ. ಇದನ್ನು ಪುಸ್ತಕದಲ್ಲಿ ಓದಿದಾಗ ನಾನು ಅರ್ಧ ನಂಬಿದ್ದೆ. ಶಾಲೆಯ ಜಗಲಿಯಲ್ಲಿ ಉಳಿದರ್ಧವನ್ನೂ ನಂಬಿದೆ.

ಮರುದಿನ ಬೇರೊಂದು ಪಾಠವಾಯಿತು. ಹಾನಿಯ ಪಟ್ಟಿ ಬರೆಯುವವರು ಮೇಜು ಹಾಕಿಕೊಂಡು ಕುಳಿತಿದ್ದರು. ಚಿಕ್ಕಮ್ಮನ ಹೆಸರಿನ ಮುಂದೆ ‘ಭಾಗಶಃ ಹಾನಿ’ ಎಂದು ಬಿದ್ದಿತ್ತು. ಹಿಂದಿನ ರಾತ್ರಿ ಅಷ್ಟು ಶಾಂತಳಾಗಿದ್ದ ಮುದುಕಿ ಮೇಜಿಗೆ ಕೈಯೂರಿ, ಎಷ್ಟು ಗೋಡೆ ಬಿದ್ದಿದೆ, ಎಷ್ಟು ನಿಂತಿದೆ, ನಿಂತದ್ದರ ಬುಡ ಹೇಗೆ ಕರಗಿದೆ ಎಂದು ಒಂದೂ ಬಿಡದೆ ಹೇಳಿದಳು. ಬಂದು ನೋಡುತ್ತೇವೆ ಎನ್ನುವವರೆಗೆ ಕದಲಲಿಲ್ಲ. ನನಗೆ ನಗು ಬಂತು. “ಇದು ಗೊಣಗೂದಲ್ಲೇನು?” ಎಂದು ಕೇಳಿದೆ.

“ಗೊಣಗೂದು ಬೆನ್ನ ಹಿಂದ. ಇದು ಮಾರೀ ಮುಂದ” ಎಂದಳು.

ಬಡವರಿಗೆ ತೃಪ್ತಿಯನ್ನು ಬೋಧಿಸುವ ಹೊಟ್ಟೆ ತುಂಬಿದ ಉಪದೇಶಕರನ್ನು ನಾನು ಕೇಳಿದ್ದೇನೆ. ಅವರು ಈ ವ್ಯತ್ಯಾಸವನ್ನು ಹೇಳುವುದಿಲ್ಲ. ಹೇಳಿದರೆ ಅವರ ಉಪದೇಶ ಅಷ್ಟು ಸಲೀಸಾಗಿ ಸಾಗದು.

ಮನೆ ಮತ್ತೆ ಎದ್ದಿತು, ಸಾವಕಾಶವಾಗಿ. ಎಮ್ಮೆ ಮುಂದೆ ಈಯಿತು. ಹಗ್ಗ ಬಿಚ್ಚಿದ ನೆರೆಯವನಿಗೆ ಚಿಕ್ಕಮ್ಮ ಬಾಯಿಬಿಟ್ಟು ಉಪಕಾರವೆಂದುದನ್ನು ನಾನು ಕೇಳಿಲ್ಲ. ಎಮ್ಮೆ ಈದಾಗಲೆಲ್ಲ ಮೊದಲ ಗಿಣ್ಣ ಅವನ ಮನೆಗೆ ಹೋಗುತ್ತದೆ. ಒಮ್ಮೆ ನಾನಲ್ಲಿದ್ದಾಗ ಆ ಪಾತ್ರೆಯನ್ನು ಒಯ್ಯುವ ಕೆಲಸ ನನಗೆ ಬಿತ್ತು. ಬಿಸಿಲು ಸುಡುತ್ತಿತ್ತು, ಪಾತ್ರೆ ಭಾರವಾಗಿತ್ತು. ಈ ಕುರಿತು ನಾಲ್ಕು ಮಾತು ನಾಲಗೆಯ ತುದಿಗೆ ಬಂದವು; ಆದರೆ ಬೀದಿಯಲ್ಲಿ ಕೇಳುವವರು ಯಾರೂ ಇರಲಿಲ್ಲ.