ಕಾಣುವ ಎರಡು, ಕಾಣದ ಒಂದು

ಕಲಾಶಾಖೆಯ ವಿದ್ಯಾರ್ಥಿಗೂ ವಿದ್ಯುಚ್ಛಕ್ತಿಗೂ ಏನು ಸಂಬಂಧವೆಂದು ಕೇಳುವವರುಂಟು. ಸ್ವಿಚ್ಚು ಒತ್ತುವುದು, ದೀಪ ಹತ್ತದಿದ್ದರೆ ಗೊಣಗುವುದು, ಇಷ್ಟೇ ನಮ್ಮ ಪಾಲಿನದೆಂದು ನಮ್ಮಲ್ಲಿ ಬಹುಮಂದಿಯ ನಂಬಿಕೆ. ಆದರೆ ಗುಣಾಕಾರ ಭಾಗಾಕಾರಗಳನ್ನು ಬಲ್ಲ ಯಾರಿಗೇ ಆಗಲಿ ಈ ಶಕ್ತಿಯ ಗುಟ್ಟು ಬಹುಮಟ್ಟಿಗೆ ತಿಳಿಯುವಂಥದು; ತಿಳಿದರೆ ಪ್ರಯೋಜನವೂ ಉಂಟು. ಅದನ್ನು ನಾನು ಕಂಡುಕೊಂಡ ಬಗೆಯನ್ನು ಇಲ್ಲಿ ಹೇಳಬಯಸುತ್ತೇನೆ.

ನಂಜನಗೂಡನ್ನು ಬಳಸಿಕೊಂಡು ಬಂದ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಕಣ್ಣಿಗೆ ಕಾಣುವುದು ಎರಡೇ ನದಿ. ಆದರೂ ಹಿರಿಯರು ಅದನ್ನು ತ್ರಿವೇಣಿ ಎನ್ನುತ್ತಾರೆ. ಮೂರನೆಯದಾದ ಸ್ಫಟಿಕ ಸರೋವರ ಗುಪ್ತಗಾಮಿನಿಯಂತೆ. ವಿದ್ಯುತ್ತಿನ ಸಂಗತಿಯೂ ಹೀಗೆಯೇ. ತಂತಿಯಲ್ಲಿ ಕರೆಂಟನ್ನು ನೂಕುವ ಒತ್ತಡ ವೋಲ್ಟು. ಹರಿಯುವ ಪ್ರವಾಹ ಆಂಪಿಯರು. ಇವೆರಡನ್ನೂ ಮೀಟರು ತೋರಿಸುತ್ತದೆ. ಮೂರನೆಯದು ತಂತಿಯೊಳಗೆ ಅಡಗಿ ಪ್ರವಾಹವನ್ನು ತಡೆಯುವ ರೋಧ. 1827ರಲ್ಲಿ ಗಿಯಾರ್ಗ್ ಓಮ್ ಎಂಬ ಜರ್ಮನಿಯ ಉಪಾಧ್ಯಾಯನು ಇವುಗಳ ಸಂಬಂಧವನ್ನು ಪ್ರಕಟಿಸಿದನು. ಒತ್ತಡವನ್ನು ಪ್ರವಾಹದಿಂದ ಭಾಗಿಸಿದರೆ ರೋಧ ಸಿಕ್ಕುತ್ತದೆ. ಅದರ ಅಳತೆಗೆ ಅವನ ಹೆಸರೇ ನಿಂತಿದೆ. ಅವೆರಡನ್ನೇ ಗುಣಿಸಿದರೆ ಸಾಮರ್ಥ್ಯ, ಅಂದರೆ ವಾಟ್, ಸಿಕ್ಕುತ್ತದೆ.

ನೀರು ಕಾಯಿಸುವ ಕಾಯಿಲನ್ನೇ ತೆಗೆದುಕೊಳ್ಳೋಣ. ಅದರ ಮೇಲೆ 230 ವೋಲ್ಟು, 1500 ವಾಟ್ ಎಂದು ಬರೆದಿದೆ ಎನ್ನಿ. 1500ನ್ನು 230ರಿಂದ ಭಾಗಿಸಿದರೆ ಪ್ರವಾಹ ಸುಮಾರು 6.5 ಆಂಪಿಯರು, 230ನ್ನು ಆ 6.5ರಿಂದ ಭಾಗಿಸಿದರೆ ರೋಧ ಸುಮಾರು 35 ಓಮ್. ಸಂಜೆಯ ಹೊತ್ತು ಒತ್ತಡ 180 ವೋಲ್ಟಿಗೆ ಇಳಿಯಿತೆಂದುಕೊಳ್ಳಿ. ಕಾಯಿಲಿನ ರೋಧ ಹೆಚ್ಚುಕಡಮೆ ಅಷ್ಟೇ ಇರುತ್ತದೆ. ಆದುದರಿಂದ ಪ್ರವಾಹ 5.1 ಆಂಪಿಯರಿಗೆ ಕುಗ್ಗುತ್ತದೆ, ಸಾಮರ್ಥ್ಯ ಸುಮಾರು 920 ವಾಟಿಗೆ ಬೀಳುತ್ತದೆ. ಒತ್ತಡ ಇಳಿದುದು ಐದರಲ್ಲಿ ಒಂದು ಪಾಲಿನಷ್ಟು, ಬಿಸಿ ಇಳಿದುದು ಮೂರರಲ್ಲಿ ಒಂದು ಪಾಲಿಗೂ ಹೆಚ್ಚು! ಇಪ್ಪತ್ತು ನಿಮಿಷದಲ್ಲಿ ಕಾಯುತ್ತಿದ್ದ ನೀರಿಗೆ ಅರ್ಧ ಗಂಟೆ ಮೀರುತ್ತದೆ. ಸ್ನಾನಕ್ಕೆ ತಡವಾದುದು ಕಾಯಿಲಿನ ದೋಷದಿಂದಲ್ಲ.

ತಣ್ಣೀರ ಸ್ನಾನದಿಂದ ಯಾರೂ ಕೆಡುವುದಿಲ್ಲ. ಬೇಸಾಯಗಾರನ ಪಂಪಿನ ಮಾತು ಬೇರೆ. ನಂಜನಗೂಡಿನ ಸೀಮೆಯಲ್ಲಿ ನಮ್ಮ ದೊಡ್ಡಪ್ಪನವರ ಬಾಳೆಯ ತೋಟವಿದೆ. ಬಾವಿಗೆ ಒಂದು ಅಶ್ವಶಕ್ತಿಯ ಪಂಪು. ಒಂದೇ ಬೇಸಗೆಯಲ್ಲಿ ಅದರ ವೈಂಡಿಂಗ್ ಎರಡು ಸಲ ಸುಟ್ಟಿತು. ಗೊನೆ ಬಿಡುವ ಕಾಲಕ್ಕೆ ನೀರು ತಪ್ಪಿತು. “ಕರೆಂಟು ಬತ್ತದ ಕಣಪ್ಪ, ಬಲ ಇಲ್ಲ,” ಎಂದು ಅವರು ಕಂಬದ ಕಡೆ ಕೈ ತೋರಿಸಿದರು.

ಮೂರನೆಯ ಸಲ ಮೋಟಾರು ಕೂರಿಸಲು ಬಂದ ಮಿಸ್ತ್ರಿಯ ಬಳಿ ಮೀಟರಿತ್ತು. ಪಂಪು ಓಡುತ್ತಿರುವಾಗಲೇ ಅಳೆದುಕೊಡುವಂತೆ ಕೇಳಿಕೊಂಡೆ. ಕಂಬದ ಬಳಿ 205 ವೋಲ್ಟು. ಬಾವಿಯ ಬಳಿ 186. ಪ್ರವಾಹ 7 ಆಂಪಿಯರು. ಹಾಗಾದರೆ 19 ವೋಲ್ಟು ನಡುದಾರಿಯಲ್ಲಿ ಎಲ್ಲಿ ಹೋಯಿತು? 19ನ್ನು 7ರಿಂದ ಭಾಗಿಸಿದರೆ 2.7 ಓಮ್. ಕಂಬಕ್ಕೂ ಬಾವಿಗೂ ಇನ್ನೂರು ಮೀಟರು. ಹೋಗಿ ಬರುವ ತಂತಿ ನಾನೂರು ಮೀಟರು. ನಾಲ್ಕು ಚದರ ಮಿಲಿಮೀಟರಿನ ಅಲ್ಯೂಮಿನಿಯಂ. ಅಷ್ಟು ತಂತಿಯ ರೋಧ ಪುಸ್ತಕದ ಲೆಕ್ಕದಲ್ಲಿ 2.8 ಓಮ್. ಕಾಣದ ಮೂರನೆಯದು ಹೀಗೆ ಕೈಗೆ ಸಿಕ್ಕಿತು. 19ನ್ನು 7ರಿಂದ ಗುಣಿಸಿದರೆ 133 ವಾಟ್. ಪಂಪು ಓಡುವಷ್ಟು ಹೊತ್ತೂ ಇಷ್ಟು ಶಕ್ತಿ ಬದುವಿನ ಮೇಲಿನ ತಂತಿಯನ್ನು ಬಿಸಿಮಾಡುವುದಕ್ಕೇ ವ್ಯಯವಾಗುತ್ತಿತ್ತು.

ಮೋಟಾರಿನ ಸ್ವಭಾವ ಕಾಯಿಲಿನದಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಒತ್ತಡ ಇಳಿದರೆ ಕಾಯಿಲು ಕಡಮೆ ಕರೆಂಟನ್ನು ಎಳೆಯುತ್ತದೆ. ಮೋಟಾರಾದರೋ ಅದೇ ನೀರನ್ನು ಎತ್ತಲೇಬೇಕಾದುದರಿಂದ ಹೆಚ್ಚು ಎಳೆಯುತ್ತದೆ. ದೊಡ್ಡಪ್ಪನವರ ಮೋಟಾರಿನ ತಗಡಿನ ಮೇಲೆ ಇದ್ದುದು 5.6 ಆಂಪಿಯರು, ಎಳೆಯುತ್ತಿದ್ದುದು 7, ಅಂದರೆ ಕಾಲುಪಾಲು ಹೆಚ್ಚು. ಬಿಸಿಯು ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುವುದರಿಂದ ವೈಂಡಿಂಗಿನ ಬಿಸಿ ಒಂದೂವರೆ ಪಟ್ಟಿಗೂ ಮಿಕ್ಕಿತು. ಸುಡದೆ ಏನು ಮಾಡೀತು?

230ಕ್ಕೆ ಕೊರತೆಯಾದುದು ಒಟ್ಟು 44 ವೋಲ್ಟು. ಅದರಲ್ಲಿ 25 ಕಂಬದ ಆಚೆಯದು. ಅದಕ್ಕೆ ಅರ್ಜಿ ಬರೆಯಬೇಕು, ಬರೆದೆವು. ಮಿಕ್ಕ 19 ನಮ್ಮ ತಂತಿಯದೇ. ಹತ್ತು ಚದರ ಮಿಲಿಮೀಟರಿನ ತಂತಿ ಎಳೆದರೆ ರೋಧ 1.1 ಓಮಿಗೆ ಇಳಿದು, ನಷ್ಟ ಎಂಟು ವೋಲ್ಟಿನೊಳಗೆ ನಿಲ್ಲುತ್ತದೆ. “ಎರಡು ಸಲ ಸುತ್ತಿಸಿದ ದುಡ್ಡಲ್ಲೇ ಈ ತಂತಿ ಬರ್ತಿತ್ತಲ್ಲಪ್ಪ!” ಎಂದರು ದೊಡ್ಡಪ್ಪ. ತಂತಿ ಬದಲಾಯಿತು.

ಇದೇ ಲೆಕ್ಕ ಒಂದು ಕಾಲದಲ್ಲಿ ಮೈಸೂರು ಸಂಸ್ಥಾನಕ್ಕೂ ಎದುರಾಗಿತ್ತು. ಸಂಗಮವನ್ನು ದಾಟಿದ ಕಪಿಲೆ ಕಾವೇರಿಯರ ನೀರು ಮುಂದೆ ಶಿವನಸಮುದ್ರದಲ್ಲಿ ಧುಮುಕುತ್ತದೆಯಷ್ಟೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಯೋಜನೆಯಿಂದ 1902ರಲ್ಲಿ ಅಲ್ಲಿನ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ದೂರ ಸುಮಾರು 147 ಕಿಲೋಮೀಟರು. ಒತ್ತಡ ಸುಮಾರು ಮೂವತ್ತು–ಮೂವತ್ತೈದು ಸಾವಿರ ವೋಲ್ಟು. ಅಷ್ಟೊಂದು ಒತ್ತಡವೇಕೆ? ಉದಾಹರಣೆಗೆ ಹತ್ತು ಲಕ್ಷ ವಾಟನ್ನು 230 ವೋಲ್ಟಿನಲ್ಲಿ ಕಳುಹಿಸಲು ನಾಲ್ಕು ಸಾವಿರಕ್ಕೂ ಹೆಚ್ಚು ಆಂಪಿಯರು ಬೇಕು. ಮೂವತ್ತು ಸಾವಿರ ವೋಲ್ಟಿನಲ್ಲಾದರೆ ಮೂವತ್ತಮೂರು ಸಾಕು. ಪ್ರವಾಹ ನೂರಮೂವತ್ತರಲ್ಲಿ ಒಂದು ಪಾಲಾದರೆ, ಅದೇ ತಂತಿಯಲ್ಲಿ ಆಗುವ ನಷ್ಟ ಹದಿನೇಳು ಸಾವಿರದಲ್ಲಿ ಒಂದು ಪಾಲು! ಈ ಗಣಿತವಿಲ್ಲದೆ ಕಾವೇರಿಯ ಬಲ ಗಣಿಯ ಬಾಯಿಯವರೆಗೆ ಬದುಕಿ ತಲಪುತ್ತಿರಲಿಲ್ಲ. ಬೆಂಗಳೂರಿನ ಬೀದಿಗಳಿಗೆ 1905ರಲ್ಲಿಯೂ ಮೈಸೂರಿಗೆ 1908ರಲ್ಲಿಯೂ ಇದೇ ಜಲಪಾತದಿಂದ ಬೆಳಕು ಬಂತು. 2001ರಲ್ಲಿ ಗಣಿಗಳು ಮುಚ್ಚಿದವು. ಲೆಕ್ಕ ಮಾತ್ರ ಹಳತಾಗಲಿಲ್ಲ.

ಅಂಕಿಗಳಿಗೆ ಪಕ್ಷಪಾತವಿಲ್ಲ. ಕಂಬದ ತಪ್ಪನ್ನು ಕಂಬಕ್ಕೂ ಮನೆಯ ತಪ್ಪನ್ನು ಮನೆಗೂ ಅವು ಹಂಚಿಕೊಡುತ್ತವೆ. ಬರಿಯ ಗೊಣಗಾಟಕ್ಕೆ ಸಿಕ್ಕದ ಉತ್ತರ ಎರಡು ಅಂಕಿಗಳನ್ನು ಬರೆದ ಅರ್ಜಿಗೆ ಸಿಕ್ಕೀತು. ಓದು ಬರಹ ಬಲ್ಲ ನಾವು ಹಳ್ಳಿಯ ಹಿರಿಯರಿಗೆ ಮಾಡಬಹುದಾದ ಸೇವೆಗಳಲ್ಲಿ ಇದೂ ಒಂದು. ಇದಕ್ಕೆ ಬೇಕಾದುದು ಒಂದು ಮೀಟರು, ಒಂದು ಚೂರು ಕಾಗದ, ಪ್ರಾಥಮಿಕ ಶಾಲೆಯಲ್ಲಿ ಕಲಿತ ಮಗ್ಗಿ.