ಸರ್ವೆ ಕಲ್ಲಿನಿಂದ ಅರ್ಧ ಅಡಿ

ಕಳೆದ ಬೇಸಗೆಯಲ್ಲಿ ಬನ್ನಂಜೆಯ ನಮ್ಮ ಮನೆಗೆ ಕಂಪೌಂಡ್ ಕಟ್ಟಿಸಿದೆ. ಕೆಂಪುಕಲ್ಲಿನ ಕೊನೆಯ ಸಾಲು ಇಟ್ಟ ಮೇಸ್ತ್ರಿ ತೂಗುಗುಂಡು ಇಳಿಬಿಟ್ಟು, "ಕೂದಲೆಳೆಯಷ್ಟೂ ವಾಲಿಲ್ಲ ಮಾಷ್ಟ್ರೇ" ಎಂದ. ನನಗೆ ಹಿಗ್ಗು. ಆ ಭಾನುವಾರ ಸಭೆಯ ಸತ್ಯವೇದ ಅಧ್ಯಯನದಲ್ಲಿ ಆಮೋಸನ 7ನೇ ಅಧ್ಯಾಯದ ಮೇಲೆ ಮಾತಾಡುವ ಸರದಿ ನನ್ನದು. ದೇವರು ಗೋಡೆಯ ಬಳಿ ಗುಂಡು ಹಿಡಿದು ನಿಂತ ದರ್ಶನ ಅಲ್ಲಿದೆ. ಉದಾಹರಣೆ ಅಂಗಳಕ್ಕೇ ಬಂದಿತ್ತು.

ಆಮೋಸ ತೆಕೋವದ ಕುರಿಗಾಹಿ, ಅತ್ತಿಮರಗಳ ಆರೈಕೆ ಮಾಡುತ್ತಿದ್ದವ. ಕ್ರಿ.ಪೂ. 8ನೇ ಶತಮಾನದಲ್ಲಿ ಅವನು ಇಸ್ರೇಲಿನಲ್ಲಿ ಮಾತು ಹೂಡಿದ ಬಗೆ ನೋಡಬೇಕು. ಮೊದಲು ದಮಸ್ಕ, ಗಾಜಾ, ತೂರ್, ಎದೋಮ್, ಅಮ್ಮೋನ್, ಮೋವಾಬ್ ಎಂದು ಸುತ್ತಲಿನ ಆರು ನೆರೆಯವರ ತಪ್ಪು ಎಣಿಸುತ್ತಾನೆ. ಕೇಳುವವರು ತಲೆದೂಗಿರಬೇಕು. ಏಳನೆಯದು ದಾಯಾದಿ ಯೆಹೂದ, ಇನ್ನೂ ಖುಷಿ. ಎಂಟನೆಯದು ಕೇಳುತ್ತಿದ್ದವರದೇ ಸರದಿ: ಬಡವನನ್ನು ಒಂದು ಜೊತೆ ಕೆರದ ಬೆಲೆಗೆ ಮಾರಿಕೊಂಡವರು.

ನಾನು ಇಷ್ಟು ವರ್ಷ ಏಳಕ್ಕೇ ನಿಂತವನು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಶಿಸ್ತಿನಲ್ಲಿ ಬೆಳೆದ ಮನೆತನ ನಮ್ಮದು. ಕುಡಿತವಿಲ್ಲ, ಕೋಳಿ ಅಂಕವಿಲ್ಲ, ಆರಾಧನೆ ತಪ್ಪಿಸಿದ್ದಿಲ್ಲ. ನ್ಯಾಯತೀರ್ಪಿನ ಅಧ್ಯಾಯ ಓದುವಾಗೆಲ್ಲ ಬೇರೆ ಯಾರದೋ ಮುಖ ಕಣ್ಣಿಗೆ ಕಟ್ಟುತ್ತಿತ್ತು. ನಮ್ಮೂರ ಕಡೆ ಜಗಳ ಬಿದ್ದವರು "ಧರ್ಮಸ್ಥಳಕ್ಕೆ ಬಾ, ಪ್ರಮಾಣ ಮಾಡು" ಎಂದು ಸವಾಲು ಹಾಕುವುದುಂಟು. ನಾನು ಹಾಗೆ ಯಾರನ್ನೂ ಕರೆದವನಲ್ಲ. ಆದರೆ ಒಳಗಿನ ಧಾಟಿ ಅದೇ: ದೇವರ ಕೋರ್ಟಿನಲ್ಲಿ ನಾನು ಯಾವಾಗಲೂ ಫಿರ್ಯಾದಿ.

ಶನಿವಾರ ರಾತ್ರಿ ಟಿಪ್ಪಣಿ ಬರೆಯುತ್ತ ಧರ್ಮೋಪದೇಶಕಾಂಡದ 27ನೇ ಅಧ್ಯಾಯ ತೆರೆದೆ. ನೆರೆಯವನ ಗಡಿಕಲ್ಲು ಸರಿಸಿದವನಿಗೆ ಅಲ್ಲಿ ಶಾಪವಿದೆ. ಅದಕ್ಕೆ ಜನರೆಲ್ಲ ಆಮೆನ್ ಎನ್ನಬೇಕು. ಎಷ್ಟೋ ಸಲ ಓದಿದ ಭಾಗ. ಆ ರಾತ್ರಿ ಬಾಯಿಂದ ಆಮೆನ್ ಹೊರಡಲಿಲ್ಲ.

ಗೋಡೆಯ ಪಂಚಾಂಗಕ್ಕೆ, ಅಂದರೆ ತಳಪಾಯಕ್ಕೆ, ನೂಲು ಕಟ್ಟುವ ದಿನ ಸರ್ವೆ ಕಲ್ಲು ಬಿಟ್ಟು ಅರ್ಧ ಅಡಿ ಆಚೆ ಹಿಡಿಸಿದವನು ನಾನೇ. "ಮಾವಿನ ಬೇರು ಅಡ್ಡ ಬರುತ್ತದೆ" ಎಂದಿದ್ದೆ. ಬೇರು ಇದ್ದದ್ದು ನಿಜ. ಈಚೆಗೆ ಸರಿಯಬಹುದಿತ್ತು ಎಂಬುದೂ ನಿಜ. ಪಕ್ಕದವರಿರುವುದು ಮುಂಬಯಿಯಲ್ಲಿ. ನಾಗರಪಂಚಮಿಗೆ ತನು ಹಾಕಲು ಬಂದರೆ ಬಂದರು. ಗೋಡೆ ನೆಟ್ಟಗೆ ನಿಂತಿತ್ತು, ನಿಂತದ್ದು ಮಾತ್ರ ಅವರ ಮಣ್ಣಿನಲ್ಲಿ. ಗುಂಡಿಗೆ ಅದು ತಿಳಿಯದು. ನನ್ನ ನೇರ ನಡೆಗೂ ಇಂಥ ಪಂಚಾಂಗ ಇನ್ನೆಲ್ಲೆಲ್ಲಿ ಬಿದ್ದಿದೆಯೋ?

ತೀರ್ಪು ಎಂದರೆ ಎಲ್ಲ ತೀರಿದ ಮೇಲೆ ಬರುವುದು ಎಂದುಕೊಂಡಿದ್ದೆ. ಆದರೆ ಅಷ್ಟು ಗದರಿಸುವ ಆಮೋಸನೇ 5ನೇ ಅಧ್ಯಾಯದಲ್ಲಿ, ತಿರುಗಿಕೊಂಡವರಿಗೆ ಬದುಕಿದೆ ಎಂದೂ ಹೇಳುತ್ತಾನೆ. ಕೆಡವುವ ಮೊದಲು ಅಳೆದು ತೋರಿಸುವುದೂ ತೀರ್ಪೇ.

ಆಗಲೇ ಮುಂಬಯಿಗೆ ಫೋನ್ ಮಾಡಿದೆ. "ಅರ್ಧ ಅಡಿ ಅಲ್ವಾ, ಬಿಡಿ ಮಾಷ್ಟ್ರೇ" ಎಂದು ನಕ್ಕರು. ಜೀವ ಹಗುರಾಯಿತು. ಮರುಕ್ಷಣವೇ, ಇದನ್ನು ನಾಳೆ ಸಾಕ್ಷಿಯಾಗಿ ಹೇಳಿದರೆ ಚೆನ್ನಾಗಿರುತ್ತದೆ ಅನಿಸಿತು. ದೊಡ್ಡತನ ಅವರದು, ಹೆಸರು ನನಗೆ!

ಭಾನುವಾರ ಗೋಡೆಯ ಸುದ್ದಿ ಎತ್ತಲಿಲ್ಲ. ಸೋಮವಾರ ಮೇಸ್ತ್ರಿಯನ್ನು ಕರೆಸಿ ಆ ಬದಿ ಕೆಡವಿಸಿದೆ. ಅವನು ಸರ್ವೆ ಕಲ್ಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಸುಮ್ಮನೆ ನೂಲು ಬಿಚ್ಚಿದ.

ಕೆಲಸ ಮುಗಿದ ಸಂಜೆ ಹೆಂಡತಿ, "ಇದಕ್ಕೆ ಎಷ್ಟು ಹೆಚ್ಚಿಗೆ ಬಿತ್ತು?" ಎಂದಳು.

ಸಾವಿರ ರೂಪಾಯಿ ಕಡಿಮೆ ಮಾಡಿ ಹೇಳಿದೆ.